ಇಪ್ಪತ್ತೆರಡು ಎಂದು ನೆಮ್ಮದಿಯಾಗಿದ್ದೆವು

ಪುಣೆಯ ಕೋಥರೂಡಿನ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತುಪ್ಪದ ಬಟ್ಟಲು ನಮ್ಮ ಯಜಮಾನರ ತಾಟಿನ ಪಕ್ಕದಲ್ಲೇ ಇರುತ್ತಿತ್ತು. ಅವರು ತೆಳ್ಳಗಿನ ಮನುಷ್ಯ. ಧಾರವಾಡದಿಂದ ಅತ್ತೆಯವರು ಬಂದಾಗಲೆಲ್ಲ ಮಗನ ಮುಂಗೈ ಹಿಡಿದು ನೋಡಿ, "ಭಾಳ ಒಣಗ್ಯಾನವಾ, ರೊಟ್ಟಿ ಮ್ಯಾಲೆ ಇನ್ನೊಂದಿಷ್ಟು ತುಪ್ಪಾ ಹಾಕು" ಎನ್ನುತ್ತಿದ್ದರು. ಊರಿಗೆ ಹೊರಡುವ ಮೊದಲು ಪೇಡೆಯ ಡಬ್ಬಿಯೊಂದನ್ನು ಮಗನಿಗೆಂದೇ ಕಪಾಟಿನಲ್ಲಿ ಇಟ್ಟು ಹೋಗುತ್ತಿದ್ದರು. ನಾನು ಗಿಡ್ಡಗಿನ, ಮೈ ತುಂಬಿಕೊಂಡ ಹೆಂಗಸು. ನನ್ನ ಚಹಾದಿಂದ ಸಕ್ಕರೆ ಹೋಗಿ ಹದಿನೈದು ವರ್ಷವಾಗಿತ್ತು, ಹಬ್ಬದ ದಿನದ ಹೋಳಿಗೆಯೂ ನನಗೆ ಅರ್ಧವೇ. ಯಾರೂ ಒತ್ತಾಯ ಮಾಡಿದ್ದಲ್ಲ. ಮನೆಯವರೆಲ್ಲರಿಗೂ, ನನಗೂ, ಅದೇ ಸರಿಯಾದ ಲೆಕ್ಕವೆಂದು ಅನ್ನಿಸಿತ್ತು. ದಪ್ಪಗಿದ್ದವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ತೆಳ್ಳಗಿದ್ದವರಿಗೆ ಬರುವುದಿಲ್ಲ ಎಂಬ ಲೆಕ್ಕ. ಕಾಯಿಲೆ ಬಂದದ್ದು ಅವರಿಗೆ.

ಅದು ತಿಳಿದದ್ದೂ ಹಲ್ಲಿನ ದೆಸೆಯಿಂದ. ಕೀಳಿಸಿದ ದವಡೆಹಲ್ಲಿನ ಗಾಯ ಮೂರು ವಾರವಾದರೂ ಮಾಯದೆ ಇದ್ದಾಗ ದಂತವೈದ್ಯರು ರಕ್ತ ತಪಾಸಣೆ ಮಾಡಿಸಿಕೊಂಡು ಬರಲು ಹೇಳಿದರು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 7.9 ಬಂತು, 6.5 ಮುಟ್ಟಿದರೆ ಮಧುಮೇಹವೆಂದು ವೈದ್ಯರು ಪರಿಗಣಿಸುತ್ತಾರೆ. ಆ ರಾತ್ರಿ ನಾನು ಕಪಾಟಿನಿಂದ ಹಳೆಯ ಫೈಲು ತೆಗೆದು, ಪ್ರತಿ ವರ್ಷ ಅವರ ಕಂಪನಿಯವರು ಮಾಡಿಸುತ್ತಿದ್ದ ಆರೋಗ್ಯ ತಪಾಸಣೆಯ ವರದಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಪ್ರತಿಯೊಂದು ವರದಿಯ ಮೊದಲ ಪುಟದಲ್ಲಿ ಎತ್ತರ 168 ಸೆಂಟಿಮೀಟರ್, ತೂಕ 62 ಕಿಲೋ, ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಅಂಕಿಯಾದ ಬಿಎಂಐ 22, ಅದರ ಎದುರಿಗೆ ಹಸಿರು ಬಣ್ಣದಲ್ಲಿ "ನಾರ್ಮಲ್" ಎಂಬ ಪದ. ಎರಡು ವರ್ಷ ಹಿಂದಿನ ವರದಿಯ ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರಗಳ ನಡುವೆ, ಬರಿಹೊಟ್ಟೆಯ ಸಕ್ಕರೆ 118 ಎಂದಿತ್ತು. ಅದು ಕಾಯಿಲೆಯ ಮಟ್ಟವಲ್ಲ, ಆದರೆ ಕಾಯಿಲೆಯ ಹೊಸ್ತಿಲು. ಅದನ್ನು ಯಾರೂ ನಮಗೆ ಬೆರಳಿಟ್ಟು ತೋರಿಸಲಿಲ್ಲ. ನಾನೂ ಮೊದಲ ಪುಟದ ಹಸಿರನ್ನು ನೋಡಿ ಫೈಲು ಮುಚ್ಚಿಟ್ಟವಳೇ.

ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಗಣಿತ ಕಲಿಸಿದವಳು ನಾನು. ಒಂದು ಅಂಕಿಯನ್ನು ನಂಬುವ ಮೊದಲು ಅದು ಎಲ್ಲಿಂದ ಬಂತು ಎಂದು ಕೇಳಬೇಕು ಎಂಬುದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ಆದರೆ ನಮ್ಮ ಮನೆಯ ಈ ಅಂಕಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಆದ್ದರಿಂದ ತಡವಾಗಿಯಾದರೂ ಕೇಳತೊಡಗಿದೆ.

ಬಿಎಂಐ ಎಂದರೆ ದೇಹದ ತೂಕವನ್ನು ಕಿಲೋಗಳಲ್ಲಿ ತೆಗೆದುಕೊಂಡು, ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. 1.68 ಅನ್ನು 1.68ರಿಂದ ಗುಣಿಸಿದರೆ 2.82, ಅದರಿಂದ 62 ಅನ್ನು ಭಾಗಿಸಿದರೆ 22. ಇಲ್ಲಿ ಗಣಿತದವರಿಗೆ ಮೊದಲು ಹೊಳೆಯುವ ಪ್ರಶ್ನೆ, ಘನ ಬಿಟ್ಟು ವರ್ಗವೇಕೆ ಎಂಬುದು. ಒಂದು ಪೆಟ್ಟಿಗೆಯನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತರಲ್ಲೊಂದು ಪಾಲು ಹಿಗ್ಗಿಸಿದರೆ ಅದರ ತೂಕ ಸುಮಾರು ಶೇಕಡ 33ರಷ್ಟು ಏರುತ್ತದೆ. ಆದರೆ ಮನುಷ್ಯರು ಹಾಗೆ ಬೆಳೆಯುವುದಿಲ್ಲ. ಎತ್ತರದ ಮನುಷ್ಯ ಅದೇ ಪ್ರಮಾಣದಲ್ಲಿ ಅಗಲವಾಗಿರುವುದಿಲ್ಲ. ಹತ್ತರಲ್ಲೊಂದು ಪಾಲು ಹೆಚ್ಚು ಎತ್ತರವಿರುವವರ ತೂಕ ಸರಾಸರಿಯಲ್ಲಿ ಶೇಕಡ 21ರ ಆಸುಪಾಸು ಹೆಚ್ಚಿರುತ್ತದೆ, ಅಂದರೆ ಎತ್ತರದ ವರ್ಗದಷ್ಟು. ಇದನ್ನು ಮೊದಲು ಕಂಡುಕೊಂಡವನು ಬೆಲ್ಜಿಯಂ ದೇಶದ ಅಡಾಲ್ಫ್ ಕೆಟಲೆ. ಅವನು ವೈದ್ಯನಲ್ಲ, ಖಗೋಳ ಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ. ನಕ್ಷತ್ರಗಳ ಸ್ಥಾನವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ವಿಧಾನವನ್ನು ಅವನು ಮನುಷ್ಯರ ಗುಂಪುಗಳಿಗೆ ಅನ್ವಯಿಸಿದ; 1835ರಲ್ಲಿ ಪ್ರಕಟವಾದ ಅವನ ಗ್ರಂಥದ ಮಧ್ಯಬಿಂದುವೇ "ಸರಾಸರಿ ಮನುಷ್ಯ" ಎಂಬ ಕಲ್ಪನೆ. ಯಾರು ಆರೋಗ್ಯವಂತರು, ಯಾರು ರೋಗಿಗಳು ಎಂದು ಹೇಳುವ ಉದ್ದೇಶ ಅವನಿಗೆ ಇರಲಿಲ್ಲ. ಒಂದು ಜನಸಮೂಹದ ಆಕಾರವನ್ನು ವರ್ಣಿಸುವುದಷ್ಟೇ ಅವನ ಕೆಲಸವಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವು ಅಮೆರಿಕದ ಜೀವವಿಮಾ ಕಂಪನಿಗಳು. ಯಾವ ಎತ್ತರಕ್ಕೆ ಯಾವ ತೂಕದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಅವುಗಳಿಗೆ ವ್ಯಾಪಾರದ ಪ್ರಶ್ನೆ; ಹಾಗಾಗಿ ತಮ್ಮ ಪಾಲಿಸಿದಾರರ ಲೆಕ್ಕದಿಂದ ಎತ್ತರ ಮತ್ತು ತೂಕದ ಕೋಷ್ಟಕಗಳನ್ನು ಅಚ್ಚು ಹಾಕಿಸಿದವು, ವೈದ್ಯರೂ ಅವನ್ನೇ ಗೋಡೆಗೆ ತೂಗುಹಾಕಿಕೊಂಡರು. 1972ರಲ್ಲಿ ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಐದು ದೇಶಗಳ 7,400ಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಪರಿಶೀಲಿಸಿ, ಹಲವು ಸೂತ್ರಗಳನ್ನು ಹೋಲಿಸಿ, ಕೆಟಲೆಯ ಹಳೆಯ ಅನುಪಾತವೇ ತಕ್ಕಮಟ್ಟಿಗೆ ಒಳ್ಳೆಯದೆಂದು ತೀರ್ಮಾನಿಸಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಕೊಟ್ಟರು. ಅದು ಪೂರ್ಣ ತೃಪ್ತಿಕರವೆಂದು ಅವರೂ ಹೇಳಿರಲಿಲ್ಲ; ಉಳಿದ ಸೂತ್ರಗಳಿಗಿಂತ ಕೆಟ್ಟದ್ದಲ್ಲ ಎಂದಷ್ಟೇ ಅವರ ಅಭಿಪ್ರಾಯ. ಆ ಅಧ್ಯಯನದಲ್ಲಿ ಹೆಂಗಸರು ಇರಲಿಲ್ಲ ಎಂಬುದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹದಿನೈದು ವರ್ಷ ನನ್ನ ಚಹಾದ ಸಕ್ಕರೆಯನ್ನು ಹಿಡಿದಿಟ್ಟ ಅಂಕಿಯ ಹೆಸರು ಹುಟ್ಟಿದ್ದು ಹೆಂಗಸರೇ ಇಲ್ಲದ ಲೆಕ್ಕದಿಂದ.

ಹಾಗೆಂದು ಅದು ನಿರುಪಯುಕ್ತವೆನ್ನುವುದು ತಪ್ಪಾಗುತ್ತದೆ, ಮತ್ತು ಇತ್ತೀಚೆಗೆ ಬಹಳ ಮಂದಿ ಹಾಗೆ ಹೇಳುತ್ತಿರುವುದು ನನಗೆ ಸರಿಕಾಣುವುದಿಲ್ಲ. ತೂಕದ ಯಂತ್ರ, ಗೋಡೆಯ ಮೇಲಿನ ಗೆರೆ, ಒಂದು ಭಾಗಾಕಾರ, ಇಷ್ಟೇ ಸಾಕಾಗುವ ಅಳತೆಯಾದ್ದರಿಂದ ಹಳ್ಳಿಯ ಆಶಾ ಕಾರ್ಯಕರ್ತೆಯಿಂದ ದೊಡ್ಡ ಆಸ್ಪತ್ರೆಯವರೆಗೆ ಎಲ್ಲರೂ ಅದನ್ನು ಒಂದೇ ರೀತಿ ಬಳಸಬಹುದು. ಲಕ್ಷಾಂತರ ಜನರ ಲೆಕ್ಕದಲ್ಲಿ ಬಿಎಂಐ ಏರಿದಂತೆ ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೊಣಕಾಲಿನ ಸವೆತ ಹೆಚ್ಚುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಗಳು ಎಲ್ಲರಿಗೂ ಗೊತ್ತಿರುವಂಥವು: 18.5ಕ್ಕಿಂತ ಕಡಿಮೆಯಾದರೆ ಕೃಶ, 25ಕ್ಕೆ ಏರಿದರೆ ಅಧಿಕ ತೂಕ, 30 ತಲುಪಿದರೆ ಬೊಜ್ಜು. ಆದರೆ ಈ ಗೆರೆಗಳು ನಿಸರ್ಗದಲ್ಲಿ ಇಲ್ಲ. ಅವು ಸಮಿತಿಗಳು ಕೂತು ಒಪ್ಪಿಕೊಂಡ ಗೆರೆಗಳು. ಅಮೆರಿಕದಲ್ಲಿ 1998ರವರೆಗೆ ಗಂಡಸರಿಗೆ 27.8, ಹೆಂಗಸರಿಗೆ 27.3 ಎಂದಿದ್ದ ಅಧಿಕ ತೂಕದ ಗೆರೆಯನ್ನು ಆ ವರ್ಷ 25ಕ್ಕೆ ಇಳಿಸಿದಾಗ, ಮೈಯಲ್ಲಿ ಒಂದು ತೊಲೆಯೂ ಹೆಚ್ಚದೆ ಲಕ್ಷಾಂತರ ಜನ ಒಂದೇ ದಿನದಲ್ಲಿ ಅಧಿಕ ತೂಕದವರಾದರು.

ನಮ್ಮ ಮನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಅದು ನಮ್ಮ ಊರಿನಲ್ಲೇ ಸಿಕ್ಕಿತು. ಪುಣೆಯ ರಾಸ್ತಾ ಪೇಠೆಯಲ್ಲಿ ಕೆಇಎಂ ಆಸ್ಪತ್ರೆ ಇದೆ. ಅಲ್ಲಿ ದಶಕಗಳಿಂದ ಮಧುಮೇಹದ ಸಂಶೋಧನೆ ನಡೆಸುತ್ತ ಬಂದವರು ಡಾ. ಚಿತ್ತರಂಜನ ಯಾಜ್ಞಿಕ್. 2004ರಲ್ಲಿ ಅವರು ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಸೇರಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಅದರ ಮುಖ್ಯ ಸಾಕ್ಷ್ಯ ಅವರಿಬ್ಬರ ಮೈಗಳೇ. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತು ತೆಗೆಸಿಕೊಂಡ ಚಿತ್ರದಲ್ಲಿ ಇಬ್ಬರೂ ತೆಳ್ಳಗೆ ಕಾಣುತ್ತಾರೆ. ಇಬ್ಬರ ಬಿಎಂಐಯೂ 22.3. ಆದರೆ ಎಕ್ಸ್-ರೇ ಆಧಾರದ ಡೆಕ್ಸಾ ಯಂತ್ರದಲ್ಲಿ ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2. ಒಬ್ಬರದಕ್ಕಿಂತ ಇನ್ನೊಬ್ಬರದು ಎರಡು ಪಟ್ಟಿಗೂ ಮಿಗಿಲು! ಯುಡ್ಕಿನ್ ಮ್ಯಾರಥಾನ್ ಓಡುವವರು, ಆದ್ದರಿಂದ ಅಷ್ಟೂ ವ್ಯತ್ಯಾಸವನ್ನು ಹುಟ್ಟಿನ ತಲೆಗೆ ಕಟ್ಟಲಾಗದು. ಆದರೂ ತೂಕದ ಯಂತ್ರಕ್ಕೆ ಕೊಬ್ಬಿನ ಕಿಲೋ ಯಾವುದು, ಸ್ನಾಯುವಿನ ಕಿಲೋ ಯಾವುದು ಎಂಬ ಭೇದ ತಿಳಿಯುವುದಿಲ್ಲ ಎಂಬುದನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸಿದ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ. ಬೇರೆಯವರ ಮೈಯನ್ನು ತೋರಿಸದೆ ತಮ್ಮದನ್ನೇ ಮುಂದಿಟ್ಟ ಆ ಇಬ್ಬರು ವೈದ್ಯರ ಬಗ್ಗೆ ನನಗೆ ಬಹಳ ಗೌರವ.

ಅದಕ್ಕೂ ಒಂದು ವರ್ಷ ಮೊದಲು ಯಾಜ್ಞಿಕ್ ಅವರ ತಂಡ ಪ್ರಕಟಿಸಿದ್ದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ಅವರು ಬಸುರಿಯರನ್ನೂ ಹುಟ್ಟಿದ ಕೂಸುಗಳನ್ನೂ ಅಳೆದು, ಇಂಗ್ಲೆಂಡಿನ ಸೌತಾಂಪ್ಟನ್ ಊರಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದರು. ನಮ್ಮ ಹಳ್ಳಿಯ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅಲ್ಲಿಯ ಕೂಸುಗಳದು 3.5 ಕಿಲೋ. ಇಷ್ಟು ವ್ಯತ್ಯಾಸವಿರುವಾಗ ನಮ್ಮ ಕೂಸುಗಳಲ್ಲಿ ಎಲ್ಲವೂ ಅದೇ ಪ್ರಮಾಣದಲ್ಲಿ ಕಡಿಮೆ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ತೋಳಿನ ಸುತ್ತಳತೆ, ಹೊಟ್ಟೆಯ ಸುತ್ತಳತೆ, ಅಂದರೆ ಸ್ನಾಯು ಮತ್ತು ಒಳ ಅಂಗಗಳ ಲೆಕ್ಕ ಬಹಳ ಕಡಿಮೆಯೇ ಇತ್ತು. ಆದರೆ ಬೆನ್ನಿನ ಮೇಲೆ, ಹೆಗಲ ಮೂಳೆಯ ಕೆಳಗೆ, ಚರ್ಮವನ್ನು ಚಿವುಟಿ ಹಿಡಿದು ಅಳೆದ ಕೊಬ್ಬಿನ ಪದರ ಮಾತ್ರ ಅಷ್ಟೇನೂ ಕಡಿಮೆಯಾಗಿರಲಿಲ್ಲ. ನೋಡಲು ಸಣ್ಣ ಕೂಸು, ಒಳಗೆ ಕೊಬ್ಬು ಉಳಿಸಿಕೊಂಡ ಕೂಸು. ತೆಳುವಾದರೂ ಕೊಬ್ಬಿನ ಮೈ ಎಂಬ ಅರ್ಥದ ಹೆಸರನ್ನು ಅವರು ಅದಕ್ಕೆ ಕೊಟ್ಟರು. ತಾಯಿಯ ಹೊಟ್ಟೆಯಲ್ಲಿ ಪೋಷಣೆ ಸಾಲದಾದಾಗ ಬೆಳೆಯುವ ಜೀವ ಮಿದುಳನ್ನೂ ಕೊಬ್ಬನ್ನೂ ಕಾಪಾಡಿಕೊಂಡು ಸ್ನಾಯುವನ್ನು ಬಿಟ್ಟುಕೊಡುತ್ತದೆ ಎಂಬುದು ಅದರ ಹಿಂದಿನ ತರ್ಕ. ನಮ್ಮ ಯಜಮಾನರು ಹುಟ್ಟಿದ್ದು ಬರಗಾಲದ ಮರುವರ್ಷ. ಆಗ ಅತ್ತೆಯವರ ಮನೆಯಲ್ಲಿ ಜೋಳ ತೀರಿ, ಎರಡು ಹೊತ್ತು ಗಂಜಿ ಕುಡಿದು ದಿನ ಕಳೆದಿದ್ದರಂತೆ. ಅವರ ಮೈಯ ಲೆಕ್ಕ ಅಲ್ಲಿಂದಲೇ ಶುರುವಾಗಿತ್ತೇನೋ ಎಂದು ನನಗೆ ಈಗ ಅನ್ನಿಸುತ್ತದೆ. ಒಬ್ಬ ಮನುಷ್ಯನ ಬಗ್ಗೆ ಹಾಗೆ ಖಚಿತವಾಗಿ ಹೇಳಲು ಯಾರಿಗೂ ಆಗದು ಎಂಬುದೂ ಗೊತ್ತಿದೆ.

ಕೊಬ್ಬು ಇದ್ದರೆ ತಪ್ಪೇನು, ಅದು ಎಲ್ಲಿದ್ದರೇನು ಎಂಬ ಪ್ರಶ್ನೆಗೆ ನಮ್ಮ ಕಡೆಯ ಹಗೇವು ನೆನಪಿಗೆ ಬರುತ್ತದೆ. ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಯಾರಿಗೂ ತೊಂದರೆಯಿಲ್ಲದೆ ಇರುತ್ತದೆ. ಚರ್ಮದ ಕೆಳಗಿನ ಕೊಬ್ಬು, ಅದರಲ್ಲೂ ಸೊಂಟ ಮತ್ತು ತೊಡೆಯ ಕೊಬ್ಬು, ಅಂಥ ಹಗೇವು. ಹಗೇವು ಸಣ್ಣದಾಗಿದ್ದರೆ ಮಿಕ್ಕ ಜೋಳ ಪಡಸಾಲೆಗೆ, ಅಡುಗೆಮನೆಗೆ, ದೇವರ ಕೋಣೆಗೆ ಬಂದು ಬೀಳುತ್ತದೆ, ಅಲ್ಲಿ ಇಲಿ ಹೆಗ್ಗಣ ಸೇರಿಕೊಳ್ಳುತ್ತವೆ. ದಕ್ಷಿಣ ಏಷ್ಯಾದವರ ಮೈಯಲ್ಲಿ ಚರ್ಮದ ಕೆಳಗಿನ ಈ ಉಗ್ರಾಣ ಬೇಗ ತುಂಬಿಹೋಗಿ, ಮಿಕ್ಕ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಮೇದೋಜೀರಕ ಗ್ರಂಥಿಯ ಸುತ್ತ ಸೇರುತ್ತದೆ ಎಂಬುದು ಸಂಶೋಧಕರ ವಿವರಣೆ. ಕರುಳಿನ ಸುತ್ತ ಕೂತ ಕೊಬ್ಬಿನಿಂದ ಹೊರಬೀಳುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳದೆ, ಬೇಡದ ಹೊತ್ತಿನಲ್ಲೂ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಇನ್ನೊಂದು ಕಡೆ, ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದ್ದು ಸ್ನಾಯುಗಳು. ಅವೇ ಕಡಿಮೆ ಇದ್ದರೆ ಆ ಸಕ್ಕರೆ ಎಲ್ಲಿಗೆ ಹೋಗಬೇಕು? "ಮದುವೆಯಾದಾಗ 62 ಕಿಲೋ, ಈಗಲೂ 62 ಕಿಲೋ" ಎಂದು ನಮ್ಮ ಯಜಮಾನರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷ ಕುರ್ಚಿಯಲ್ಲಿ ಕೂತು ಮಾಡಿದ ಕೆಲಸದಲ್ಲಿ ತೊಡೆಯಿಂದ ಸ್ನಾಯು ಕರಗಿ, ಅಷ್ಟೇ ತೂಕದ ಕೊಬ್ಬು ಹೊಟ್ಟೆಗೆ ಬಂದು ಸೇರಿದೆ ಎಂಬುದು ಆ 62ರೊಳಗೆ ಅಡಗಿ ಕೂತಿತ್ತು.

ನಮ್ಮಂಥವರಿಗೆ ಗೆರೆಯೇ ಬೇರೆ ಇರಬೇಕು ಎಂಬ ಮಾತು ಹೊಸದಲ್ಲ. 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರು 23ರಲ್ಲೇ ಎಚ್ಚರಗೊಳ್ಳಬೇಕೆಂದು ಹೇಳಿದ್ದರು. 2009ರಲ್ಲಿ ಭಾರತದ ವೈದ್ಯರು ಒಮ್ಮತಕ್ಕೆ ಬಂದು 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಿರ್ಧರಿಸಿದರು. 2021ರಲ್ಲಿ ಇಂಗ್ಲೆಂಡಿನ ದೊಡ್ಡದೊಂದು ಅಧ್ಯಯನ ಹೇಳಿದ್ದು ಇನ್ನೂ ಸ್ಪಷ್ಟವಾಗಿದೆ: ಬಿಳಿಯರಿಗೆ 30ರ ಬಿಎಂಐನಲ್ಲಿ ಇರುವಷ್ಟು ಮಧುಮೇಹದ ಅಪಾಯ ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಇರುತ್ತದೆ. ಇಷ್ಟೆಲ್ಲ ಆದರೂ ನಮ್ಮ ತಪಾಸಣಾ ಕೇಂದ್ರಗಳ ಎಷ್ಟೋ ವರದಿಗಳಲ್ಲಿ ಇಂದಿಗೂ 25ರವರೆಗೆ ಹಸಿರು ಬಣ್ಣವೇ ಅಚ್ಚಾಗುತ್ತಿರುವುದು ನನಗೆ ಸಂಕಟದ ಸಂಗತಿ. ಯಂತ್ರದಲ್ಲಿ ಒಂದು ಅಂಕಿಯನ್ನು ಬದಲಿಸಲು ಎಷ್ಟು ಹೊತ್ತು ಬೇಕು? ಆದರೆ ಗೆರೆಯನ್ನು 23ಕ್ಕೆ ಇಳಿಸಿದ್ದರೂ ನಮ್ಮ ಯಜಮಾನರು ಅದರ ಈಚೆಯೇ ಉಳಿಯುತ್ತಿದ್ದರು. ಅವರ ವಿಷಯದಲ್ಲಿ ಗೆರೆ ಎಲ್ಲಿದೆ ಎಂಬುದಕ್ಕಿಂತ, ಏನನ್ನು ಅಳೆಯುತ್ತಿದ್ದೇವೆ ಎಂಬುದೇ ತಪ್ಪಾಗಿತ್ತು.

ಅಳೆಯಬೇಕಾದ್ದು ಹೊಟ್ಟೆಯನ್ನು. ಇದನ್ನು ನಮಗೆ ಮಾಡಿ ತೋರಿಸಿದವರು ನಮ್ಮ ಬಡಾವಣೆಯ ಮರಾಠಿ ವೈದ್ಯರು. ವರದಿಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಖಾನೆಯಿಂದ ದರ್ಜಿಯ ಟೇಪು ತೆಗೆದರು. ಮನೆಗೆ ಬಂದ ಮೇಲೆ ನಾನು ಹೊಲಿಗೆ ಯಂತ್ರದ ಡಬ್ಬಿಯಿಂದ ನನ್ನ ಟೇಪು ತೆಗೆದು ಅದನ್ನೇ ಮತ್ತೆ ಮಾಡಿದೆ. ಕಿಟಕಿಯ ಬಳಿ ಅವರನ್ನು ಬನಿಯನ್ ಎತ್ತಿ ನಿಲ್ಲಿಸಿದೆ. ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಎಂದು ಒಂದು ಗುರುತು, ಸೊಂಟದ ಎಲುಬು ಎಲ್ಲಿ ಶುರುವಾಗುತ್ತದೆ ಎಂದು ಇನ್ನೊಂದು ಗುರುತು. ಅವೆರಡರ ನಡುಮಧ್ಯೆ ಟೇಪು ಸುತ್ತಬೇಕು, ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಬೇಕು, ಚರ್ಮ ಒಳಗೆ ಒತ್ತುವಷ್ಟು ಬಿಗಿಯಬಾರದು. ಮೊದಲ ಸಲ ಅವರು ತಮಗೆ ಗೊತ್ತಿಲ್ಲದೆಯೇ ಹೊಟ್ಟೆ ಒಳಗೆಳೆದುಕೊಂಡರು. "ಉಸರು ಬಿಡ್ರಿ, ಸುಮ್ನ ನಿಂದರ್ರಿ" ಎಂದೆ. ಉಸಿರು ಸಹಜವಾಗಿ ಹೊರಗೆ ಹೋದ ಮೇಲೆ ಟೇಪಿನ ಮೇಲೆ 94 ಬಂತು. ಭಾರತದ ಗಂಡಸರಿಗೆ ಗೆರೆ 90, ಹೆಂಗಸರಿಗೆ 80. ಅವರು ನಂಬಲಿಲ್ಲ, ಇಪ್ಪತ್ತು ವರ್ಷದಿಂದ ತಾವು ಕೊಳ್ಳುವುದು 34 ಇಂಚಿನ ಪ್ಯಾಂಟೇ, ಅಂದರೆ 86 ಸೆಂಟಿಮೀಟರ್, ಎಂದರು. ಆಗ ಇಬ್ಬರೂ ಅವರ ಬೆಲ್ಟನ್ನು ನೋಡಿದೆವು. ವರ್ಷ ಕಳೆದಂತೆ ಪ್ಯಾಂಟು ಹೊಟ್ಟೆಯ ಮೇಲಿನಿಂದ ಹೊಟ್ಟೆಯ ಕೆಳಗೆ ಜಾರಿತ್ತು. ಅಳತೆಯ ಚೀಟಿ ಮಾತ್ರ ಬದಲಾಗಿರಲಿಲ್ಲ. ಅಂಗಿ ಹೊರಗೆ ಬಿಟ್ಟು ನಡೆಯುವ ತೆಳ್ಳಗಿನ ಮನುಷ್ಯನ ಹೊಟ್ಟೆ ಹೆಂಡತಿಗೂ ಕಾಣದು.

ದೇಶದ ಲೆಕ್ಕದಲ್ಲೂ ಇದೇ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಎಂಐ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇಕಡ 28.6, ಹೊಟ್ಟೆಯ ಸುತ್ತಳತೆಯ ಲೆಕ್ಕದಲ್ಲಿ ಬೊಜ್ಜು ಇದ್ದವರು ಶೇಕಡ 39.5. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನಮ್ಮ ಯಜಮಾನರಂಥ ಎಷ್ಟು ಜನ ಹಸಿರು ಬಣ್ಣದ ವರದಿ ಹಿಡಿದು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಾರೋ ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗವೂ ಬಿಎಂಐ ಒಂದನ್ನೇ ನೆಚ್ಚಿ ಬೊಜ್ಜನ್ನು ನಿರ್ಧರಿಸಬಾರದು, ಸೊಂಟದ ಅಳತೆಯಿಂದಲೋ ಕೊಬ್ಬಿನ ನೇರ ಅಳತೆಯಿಂದಲೋ ಅದನ್ನು ಖಚಿತಪಡಿಸಿಕೊಳ್ಳಬೇಕು ಎಂದು ಹೇಳಿತು.

ಇನ್ನು ನನ್ನ ಮೈ. ಎತ್ತರ 152, ತೂಕ 61, ಬಿಎಂಐ 26.4, ಭಾರತದ ಗೆರೆಯ ಪ್ರಕಾರ ನಾನು ಬೊಜ್ಜಿನವಳು. ಸೊಂಟ 79, ಗೆರೆಗೆ ಒಂದೇ ಸೆಂಟಿಮೀಟರ್ ಈಚೆ. ರಕ್ತದ ಸಕ್ಕರೆ, ಒತ್ತಡ, ಕೊಬ್ಬು ಎಲ್ಲವೂ ಸರಿಯಾಗಿವೆ. ಮೈಯ ಭಾರವೆಲ್ಲ ಸೊಂಟದ ಕೆಳಗೆ, ತೊಡೆಯಲ್ಲಿ ಇದೆ. ಅಂದರೆ ನನ್ನ ಹಗೇವು ದೊಡ್ಡದು. ಇಲ್ಲಿಗೆ ನಿಲ್ಲಿಸಿ ಬಿಎಂಐ ಸುಳ್ಳು ಎಂದುಬಿಟ್ಟರೆ ನನಗೆ ಹಿತವಾಗುತ್ತಿತ್ತು, ಆದರೆ ಅದು ಪ್ರಾಮಾಣಿಕವಾಗುವುದಿಲ್ಲ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಇನ್ನೊಂದು ಸರಳ ನಿಯಮವಿದೆ. ನನ್ನ ಎತ್ತರದ ಅರ್ಧ 76, ಅದನ್ನು ನಾನು ದಾಟಿದ್ದೇನೆ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆಗೆ ಸರಿಯತೊಡಗುತ್ತದೆ. ಮೊಣಕಾಲಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂಬ ಭೇದವಿಲ್ಲ, ಅದು ಹೊರುವುದು ಒಟ್ಟು ತೂಕವನ್ನೇ; ನನ್ನ ಎಡಮೊಣಕಾಲು ಪರ್ವತಿ ಬೆಟ್ಟದ ಮೆಟ್ಟಿಲಿಳಿಯುವಾಗ ಅದನ್ನು ನೆನಪಿಸುತ್ತದೆ. ಪೈಲ್ವಾನರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ: ತಾಲೀಮಿನಲ್ಲಿ ಬೆಳೆದ ಕುಸ್ತಿಪಟುವಿನ ಬಿಎಂಐ 30 ಇರಬಹುದು, ಅದು ಸ್ನಾಯುವಿನ ತೂಕ ಎಂದು. ನಿಜ. ಆದರೆ ನಮ್ಮ ನಡುವೆ ಪೈಲ್ವಾನರು ಎಷ್ಟು ಜನ? ನಮ್ಮಲ್ಲಿ ಬಿಎಂಐ ತಪ್ಪು ಹೇಳುವುದು ಬಹುತೇಕ ಇನ್ನೊಂದು ದಿಕ್ಕಿನಲ್ಲಿ, ಅಪಾಯವಿದ್ದರೂ ಇಲ್ಲವೆನ್ನುವ ದಿಕ್ಕಿನಲ್ಲಿ.

ನನಗೆ ನೋವಾಗುವುದು ಬೇರೆ ವಿಷಯಕ್ಕೆ. ಇಲ್ಲಿಯ ಕನ್ನಡಿಗರು ದಸರೆಗೋ ರಾಜ್ಯೋತ್ಸವಕ್ಕೋ ಸೇರಿದಾಗ ಹೆಂಗಸರ ಮೊದಲ ಮಾತೇ ಮೈಯದು. "ವೈನಿ, ಸ್ವಲ್ಪ ದಪ್ಪ ಆಗೀರಿ ನೋಡ್ರಿ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಹಾಗೆ ಹೇಳಿಸಿಕೊಂಡವಳು ಆ ದಿನ ಊಟದ ಸಾಲಿನಲ್ಲಿ ಬಡಿಸುವ ಕೆಲಸ ಹಿಡಿದು, ಕೊನೆಗೆ ಮೊಸರನ್ನದಲ್ಲಿ ಊಟ ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಸಾಲಿನಲ್ಲಿ ಕೂತ ತೆಳ್ಳಗಿನ ಗಂಡಸರಿಗೆ ಎಲ್ಲರೂ ಎರಡೆರಡು ಸಲ ಸಿಹಿ ಬಡಿಸುತ್ತಾರೆ. ಮೈಯ ಗಾತ್ರ ಯಾರ ಶಿಸ್ತನ್ನೂ, ಯಾರ ಹೊಟ್ಟೆಬಾಕತನವನ್ನೂ ಹೇಳುವುದಿಲ್ಲ. ಆದರೂ ಒಂದು ಅಂಕಿ, ಅದಕ್ಕೂ ಮೊದಲು ನಮ್ಮ ಕಣ್ಣು, ನಮ್ಮ ಮನೆಯಲ್ಲಿ ಪಥ್ಯವನ್ನೂ ತುಪ್ಪವನ್ನೂ ಅದಲುಬದಲು ಹಂಚಿಬಿಟ್ಟಿತ್ತು.

ಈಗ ಒಂದೂವರೆ ವರ್ಷವಾಯಿತು. ನಮ್ಮ ಯಜಮಾನರು ಮಾತ್ರೆ ತೆಗೆದುಕೊಳ್ಳುತ್ತಾರೆ. ಅನ್ನ ಅರ್ಧವಾಗಿದೆ, ಜೋಳದ ರೊಟ್ಟಿಯ ಜೊತೆ ಹೆಸರುಕಾಳು, ಮಡಕೆಕಾಳು, ಸೊಪ್ಪಿನ ಪಲ್ಲೆ ಹೆಚ್ಚಾಗಿವೆ. ಬೆಳಿಗ್ಗೆ ವೇತಾಳ ಟೇಕಡಿಯ ಏರು ಹತ್ತುವುದರ ಜೊತೆಗೆ ಬಸ್ಕಿ ಹೊಡೆಯಬೇಕು, ನೀರು ತುಂಬಿದ ಕೊಡ ಎತ್ತಿ ಇಳಿಸಬೇಕು ಎಂದು ವೈದ್ಯರು ಪಟ್ಟು ಹಿಡಿದರು. ನಡಿಗೆಯೊಂದರಿಂದಲೇ ತೊಡೆಗೆ ಸ್ನಾಯು ಮರಳುವುದಿಲ್ಲವಂತೆ. ಮೊದಲ ತಿಂಗಳು ಹತ್ತು ಬಸ್ಕಿಗೆ ಸುಸ್ತಾಗುತ್ತಿದ್ದವರು ಈಗ ನಲವತ್ತು ಹೊಡೆಯುತ್ತಾರೆ. ಎಚ್‌ಬಿಎ1ಸಿ 6.6ಕ್ಕೆ ಇಳಿದಿದೆ, ಸೊಂಟ 94ರಿಂದ 87ಕ್ಕೆ ಬಂದಿದೆ. ತೂಕ ಇಳಿದದ್ದು 62ರಿಂದ 60.5ಕ್ಕೆ ಮಾತ್ರ, ಬಿಎಂಐ 22ರಿಂದ 21.4ಕ್ಕೆ. ಕಾಯಿಲೆ ಬಂದಾಗ ಸುಮ್ಮನಿದ್ದ ಅಂಕಿ ಚೇತರಿಕೆಯ ಹೊತ್ತಿನಲ್ಲೂ ಹೆಚ್ಚು ಕಡಿಮೆ ಸುಮ್ಮನೆಯೇ ಇದೆ.

ಕಳೆದ ದೀಪಾವಳಿಗೆ ಅತ್ತೆಯವರು ಬಂದಿದ್ದರು. ಅವರಿಗೆ ಎಂಬತ್ತೊಂದು. ಬಂದವರೇ ಮಗನನ್ನು ನೋಡಿ, "ಇನ್ನೂ ಒಣಗೀಯಲ್ಲೋ ಯಪ್ಪಾ" ಎಂದು ಕಣ್ಣೀರು ತೆಗೆದರು. ಸಮಾಧಾನ ಮಾಡುವಾಗ ಅವರ ಹೆಗಲ ಮೇಲೆ ಕೈಯಿಟ್ಟೆ. ಸೀರೆಯ ಕೆಳಗೆ ಎಲುಬು ಕೈಗೆ ತಾಗಿತು. ಇಷ್ಟು ದಿನ ಮನೆಯವರೆಲ್ಲರ ಮೈಯನ್ನೂ ಅಳೆದ ನಾನು ಅವರನ್ನು ಅಳೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಅವರನ್ನು ತೂಕದ ಯಂತ್ರದ ಬಳಿ ಕರೆದುಕೊಂಡು ಹೋದೆ. ಬೀಳುವ ಹೆದರಿಕೆಯಿಂದ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಒಂದ್ ಕ್ಷಣ ಕೈ ಬಿಡ್ರಿ ಅತ್ತಿ, ನಾ ಇಲ್ಲೇ ಅದೀನಿ" ಎಂದೆ. ಕೈ ಬಿಟ್ಟರು. 38 ಕಿಲೋ. ಗೋಡೆಗೆ ನಿಲ್ಲಿಸಿ ಅಳೆದ ಎತ್ತರ 147. ಬಿಎಂಐ 17.6, ಬೆನ್ನು ಬಾಗಿ ಎತ್ತರ ಕಡಿಮೆಯಾಗಿರುವುದರಿಂದ ಆ ಅಂಕಿಯೂ ನಿಜಕ್ಕಿಂತ ಹೆಚ್ಚೇ ಬಂದಿರುತ್ತದೆ. ವಯಸ್ಸಾದವರಲ್ಲಿ 18.5ಕ್ಕಿಂತ ಕಡಿಮೆ ಎಂದರೆ ಬಿದ್ದರೆ ಎಲುಬು ಮುರಿಯುವ, ಜ್ವರ ಬಂದರೆ ಎದ್ದು ಕೂರಲಾಗದ ಸ್ಥಿತಿ. ನಮ್ಮ ಮನೆಯಲ್ಲಿ ಬಿಎಂಐ ನೇರವಾಗಿ, ತಪ್ಪಿಲ್ಲದೆ ಎಚ್ಚರಿಕೆ ಕೊಡುತ್ತಿದ್ದದ್ದು ಇವರೊಬ್ಬರ ವಿಷಯದಲ್ಲಿ, ಮತ್ತು ಅದನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

"ಎಷ್ಟು ಬಂತವಾ?" ಎಂದು ಕೇಳಿದರು.

"ಮೂವತ್ತೆಂಟು ಬಂತ್ರಿ."

"ಹಂಗಾರ ಚೊಲೋ ಆತು ಬಿಡು, ದಪ್ಪ ಆಗಿಲ್ಲ" ಎಂದು ಸಮಾಧಾನದಿಂದ ಸೆರಗು ಸರಿಮಾಡಿಕೊಂಡರು.

ಆ ಮಧ್ಯಾಹ್ನ ಊಟಕ್ಕೆ ತಾಟು ಹಾಕುವಾಗ ತುಪ್ಪದ ಬಟ್ಟಲನ್ನು ಅವರ ಪಕ್ಕದಲ್ಲಿ ಇಟ್ಟೆ. ಅವರು ಎಂದಿನಂತೆ ಅದನ್ನು ಮಗನ ಕಡೆಗೆ ಸರಿಸಿದರು. ನಮ್ಮ ಯಜಮಾನರು ಬಟ್ಟಲನ್ನು ಎತ್ತಿ, ಮಾತಾಡದೆ, ತಾಯಿಯ ರೊಟ್ಟಿಯ ಮೇಲೆ ಎರಡು ಚಮಚ ಸುರಿದರು.